ನಾನು ಓದಿ ಹೇಳಿದ ನೋಟೀಸು

ಇವತ್ತು ಬೆಳಿಗ್ಗೆ ವಿಕ್ರೋಳಿಯ ನಮ್ಮ ಬಿಲ್ಡಿಂಗಿನ ಕೆಳಗೆ ವಾರ್ಡ್ ಆಫೀಸಿನ ವ್ಯಾನೊಂದು ಕೂಗುತ್ತ ಹೋಯಿತು: "ಝಾಡೇ ಲಾವಾ, ಝಾಡೇ ಜಗವಾ." ಗಿಡ ನೆಡಿ, ಗಿಡ ಉಳಿಸಿ ಎಂದು ಅದರ ಅರ್ಥ. ಇಷ್ಟು ಮರಾಠಿ ಈಗ ನಿದ್ದೆಯಿಂದ ಎಬ್ಬಿಸಿ ಕೇಳಿದರೂ ನನಗೆ ಬರುತ್ತದೆ. ಚಹಾ ಅರ್ಧಕ್ಕೆ ಬಿಟ್ಟು ಎದ್ದು ಕಿಟಕಿ ಮುಚ್ಚಿದೆ. ಈ ಸೆಕೆಯಲ್ಲಿ ಕಿಟಕಿ ಯಾಕೆ ಮುಚ್ಚುತ್ತೀರಿ ಎಂದು ಸೊಸೆ ಕೇಳಿದಳು. ಧೂಳು ಎಂದೆ. ಸುಳ್ಳು ನನಗೆ ಸಲೀಸಾಗಿ ಬರುತ್ತದೆ. ಅದರ ಕಥೆಯನ್ನೇ ಇವತ್ತು ನಿಮಗೆ ಹೇಳಬೇಕೆಂದಿದ್ದೇನೆ.

ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ಉಡುಪಿ ಕಡೆಯಿಂದ ಬಂದು ಆರು ತಿಂಗಳಾಗಿದ್ದ ನಾನು ಬೈಕುಲ್ಲಾದ ಒಂದು ವರ್ಕ್‌ಶಾಪಿನಲ್ಲಿ ಟೈಪಿಸ್ಟ್. ವಡಾಲದ ಚಾಳಿನ ಒಂದೇ ಖೋಲಿಯಲ್ಲಿ ನಮ್ಮೂರಿನ ನಾಲ್ವರು ಹೋಟೆಲ್ ಸಪ್ಲಾಯರುಗಳ ಜೊತೆ ವಾಸ. ಅವರು ಇಡ್ಲಿ ಬಡಿಸುವವರು, ನಾನು ಇಂಗ್ಲಿಷ್ ಟೈಪು ಮಾಡುವವನು. ಹಾಗಾಗಿ ಫ್ಯಾನಿನ ಕೆಳಗಿನ ಜಾಗ ನನ್ನದು. ಶಾಲೆಯಲ್ಲಿ ಹಿಂದಿ ಪರೀಕ್ಷೆ ಬೇರೆ ಪಾಸು ಮಾಡಿದ್ದೆ. ಅಕ್ಷರ ಒಂದೇ ಆದ್ದರಿಂದ ನನಗೆ ಮರಾಠಿಯೂ ಬರುತ್ತದೆಂದು ಎಲ್ಲರೂ ತಿಳಿದರು. ನಾನೂ ಹಾಗೆಯೇ ತಿಳಿದೆ.

ಚಾಳಿನೆದುರು ಬಿಜಾಪುರದ ಕಡೆಯವರ ಜೋಪಡಿಗಳ ಸಾಲು. ಅದರಲ್ಲೊಂದು ಗಂಗವ್ವನದು. ಗಂಡ ಹೆಂಡತಿ ಇಬ್ಬರೂ ಕಟ್ಟಡದ ಕೆಲಸದವರು. ವರ್ಷಗಟ್ಟಲೆ ತಲೆಯ ಮೇಲೆ ಇಟ್ಟಿಗೆ ಹೊತ್ತು ಅವಳ ಕುತ್ತಿಗೆ ಕೆಟ್ಟುಹೋಗಿತ್ತು. ಯಾರಾದರೂ ಕರೆದರೆ ಕತ್ತು ತಿರುಗಿಸಲಾರದೆ ಇಡೀ ಮೈಯನ್ನೇ ತಿರುಗಿಸುತ್ತಿದ್ದಳು. ಇನ್ನೂ ಹೊತ್ತರೆ ಕೈಗಳ ಸ್ವಾಧೀನ ತಪ್ಪುತ್ತದೆ ಎಂದಿದ್ದರು ಡಾಕ್ಟರು. ಹೊರದೆ ಉಣ್ಣುವುದು ಹೇಗೆಂದು ಅವರು ಹೇಳಿರಲಿಲ್ಲ.

ಅವಳ ಬಾಗಿಲ ಮುಂದೆ ರಸ್ತೆಯ ಅಂಚಿಗೆ ಐದು ಗಿಡಗಳಿದ್ದವು. ಹಿಂದಿನ ಮಳೆಗಾಲದಲ್ಲಿ ಯಾರೋ ದೊಡ್ಡವರು ಬಂದು, ಹಾರ ಹಾಕಿಸಿಕೊಂಡು, ಫೋಟೋ ತೆಗೆಸಿಕೊಂಡು ನೆಟ್ಟುಹೋದವು. ಮಳೆ ಸುರಿಯುವಾಗ ಗಿಡ ನೆಡಲು ಎಲ್ಲರಿಗೂ ಹುಮ್ಮಸ್ಸು. ಏಪ್ರಿಲ್ ಬಂದಾಗ ಆ ದೊಡ್ಡವರು ಯಾವ ತಂಪಿನಲ್ಲಿದ್ದರೋ, ನಮ್ಮ ನಲ್ಲಿಯಲ್ಲಂತೂ ನೀರು ಬರುತ್ತಿದ್ದುದು ದಿನಕ್ಕೆ ಒಂದು ಗಂಟೆ. ಮನುಷ್ಯರೇ ಬಕೆಟ್ ಹಿಡಿದು ಹೊಡೆದಾಡುವಾಗ ಕಬ್ಬಿಣದ ಪಂಜರದೊಳಗಿನ ಗಿಡವನ್ನು ಕೇಳುವವರು ಯಾರು?

ಆಗಲೇ ಮುನ್ಸಿಪಾಲಿಟಿಯವರು ಚಾಳಿನ ಗೋಡೆಗೆ ಒಂದು ನೋಟೀಸು ಅಂಟಿಸಿದರು. ಮೇಲೆ ದಪ್ಪಕ್ಷರದಲ್ಲಿ ಇವತ್ತು ವ್ಯಾನಿನವನು ಕೂಗಿದ ಅದೇ ಮಾತು, ಕೆಳಗೆ ಸಣ್ಣಕ್ಷರದಲ್ಲಿ ಏಳೆಂಟು ಸಾಲು. ಗಂಗವ್ವ ಬಂದು ಅದರಲ್ಲಿ ಏನು ಬರೆದಿದ್ದಾರೆ ಎಂದು ಕೇಳಿದಳು. ಗೊತ್ತಿಲ್ಲ ಅನ್ನಲು ನನಗೆ ಬಾಯಿ ಬರಲಿಲ್ಲ. ಹಿಂದಿಯಲ್ಲಿ ಝಾಡು ಎಂದರೆ ಕಸಬರಿಗೆ. ಝಾಡು ಲಗಾನಾ ಎಂದರೆ ಗುಡಿಸುವುದು. ಜಗವಾ ಎಂದರೆ ಜಾಗ ಇರಬೇಕು. ಕೆಳಗೆ ಮಹಿಲಾ, ನೋಕರಿ ಎಂಬ ಮಾತುಗಳು ಕಂಡವು. ಪಂಡಿತನಿಗೆ ಅಷ್ಟು ಸಾಕಾಯಿತು. ಬೇಸಿಗೆ ಮುಗಿಯುವ ತನಕ ಜಾಗವನ್ನು ಚೊಕ್ಕಟವಾಗಿ ಗುಡಿಸಿಟ್ಟ ಹೆಂಗಸಿಗೆ ಮುನ್ಸಿಪಾಲಿಟಿಯಲ್ಲಿ ನೌಕರಿ ಎಂದು ಓದಿ ಹೇಳಿದೆ. ಅಲ್ಲಿ ಬರೆದಿದ್ದದ್ದು ಬೇರೆ: ಗಿಡಗಳನ್ನು ಬೇಸಿಗೆ ದಾಟಿಸಿದ ಹೆಂಗಸನ್ನು ಗಿಡಗಳಿಗೆ ನೀರುಣಿಸುವ ಕೆಲಸಕ್ಕೆ ತೆಗೆದುಕೊಳ್ಳುತ್ತೇವೆ ಎಂದು.

ಗಂಗವ್ವ ಗುಡಿಸಿದಳು. ದಿನಾ ಬೆಳಕು ಹರಿಯುವಾಗ ಗಲ್ಲಿಯ ಈ ತುದಿಯಿಂದ ಆ ತುದಿಯ ತನಕ ಗುಡಿಸಿ, ಆಮೇಲೆ ಸೈಟಿಗೆ ತಡವಾಗಿ ಹೋಗಿ ಮುಕಾದಮನಿಂದ ಬೈಸಿಕೊಳ್ಳುತ್ತಿದ್ದಳು. ಬಗ್ಗಿ ಗುಡಿಸುವುದೂ ಆ ಕುತ್ತಿಗೆಗೆ ಸುಖವಲ್ಲ. ಗಲ್ಲಿ ಎಷ್ಟು ಚೊಕ್ಕಟವಾಯಿತೆಂದರೆ, ಎಲೆ ಹಾಕದೆ ನೆಲದ ಮೇಲೇ ಇಡ್ಲಿ ಬಡಿಸಬಹುದು ಎಂದು ನನ್ನ ಖೋಲಿಯವರು ತಮಾಷೆ ಮಾಡಿದರು. ನಾನೇ ಗುಡಿಸಿದವನಂತೆ ಬೀಗಿದೆ.

ಮೇ ತಿಂಗಳಲ್ಲಿ ಒಂದು ದಿನ, ಆಫೀಸಿಗೆ ಹೊರಟವನನ್ನು ನಿಲ್ಲಿಸಿದಳು. ಕೈಯಲ್ಲಿ ಬಕೆಟ್ ಇತ್ತು.

"ಅಣ್ಣಾರ, ಈ ಗಿಡಾ ಒಣಗಾಕ ಹತ್ಯಾವ್ರಿ. ಬಾಂಡೆ ತೊಳದ ನೀರರ ಹಾಕ್ಲೇನ್ರಿ?"

ನನಗೆ ಲೋಕಲ್ ತಪ್ಪುವ ಅವಸರ. "ನೋಟೀಸಿನಲ್ಲಿ ನೀರಿನ ಸುದ್ದಿಯೇ ಇಲ್ಲ ಮಾರಾಯ್ತಿ. ಕೆಸರಾದರೆ ನೀನು ಗುಡಿಸಿದ್ದೆಲ್ಲ ಹಾಳು" ಎಂದೆ.

ಅದೂ ಖರೆ ಎಂದು ಅವಳು ನೀರನ್ನು ಗಟಾರಕ್ಕೆ ಚೆಲ್ಲಿದಳು. ನಾನು ಸ್ಟೇಷನ್ನಿಗೆ ಓಡಿದೆ.

ಜೂನ್ ಮೊದಲಿಗೆ ಮೋಡ ಕಟ್ಟುತ್ತಿದ್ದಾಗ ಮುನ್ಸಿಪಾಲಿಟಿಯ ಸಾಹೇಬರೊಬ್ಬರು ಇಬ್ಬರು ಪ್ಯೂನುಗಳೊಡನೆ ಬಂದರು. ಆ ದಿನ ರಜೆ. ನಾನು ಚಾಳಿನ ಮೆಟ್ಟಿಲ ಬಳಿ ನಿಂತಿದ್ದೆ. ಐದು ಪಂಜರಗಳಲ್ಲಿ ಐದು ಒಣಕಡ್ಡಿಗಳಿದ್ದವು. "ಝಾಡಂ ಕುಠಂ ಆಹೇತ?" ಗಿಡಗಳೆಲ್ಲಿ ಎಂದು ಸಾಹೇಬರು ಕೇಳಿದರು. ಗಂಗವ್ವನಿಗೆ ಅದರಲ್ಲಿ ಒಂದು ಮಾತು ತಿಳಿಯಿತು. ಒಳಗೆ ಓಡಿಹೋಗಿ, ಸವೆದು ಗೇಣುದ್ದ ಉಳಿದಿದ್ದ ಕಸಬರಿಗೆಯನ್ನು ತಂದು ಎರಡೂ ಕೈಯಲ್ಲಿ ಹಿಡಿದು ತೋರಿಸಿದಳು. ಪ್ಯೂನುಗಳು ಬಿದ್ದು ಬಿದ್ದು ನಕ್ಕರು. ಸಾಹೇಬರು ನಗಲಿಲ್ಲ. ಒಂದು ಕಡ್ಡಿಯನ್ನು ಮುಟ್ಟಿ, ಮಗುವಿಗೆ ಹೇಳುವಂತೆ, ಇದು ಝಾಡ ಎಂದು ಹೇಳಿ ಮುಂದಿನ ಗಲ್ಲಿಗೆ ನಡೆದರು. ಅಲ್ಲಿ ಒಬ್ಬಾಕೆ ಮುಸುರೆ ನೀರು ಹಾಕಿ ಎರಡು ಗಿಡ ಉಳಿಸಿಕೊಂಡಿದ್ದಳು. ಕೆಲಸ ಅವಳಿಗೆ ಸಿಕ್ಕಿತು.

ನನಗೆ ಅಲ್ಲೇ, ಆಗಲೇ ಎಲ್ಲವೂ ಅರ್ಥವಾಯಿತು. ಓಡಿಹೋಗಿ ಸಾಹೇಬರನ್ನು ನಿಲ್ಲಿಸಿ, ತಪ್ಪು ನನ್ನದು ಎನ್ನಬಹುದಿತ್ತು. ಇಪ್ಪತ್ತು ಹೆಜ್ಜೆ ದೂರವಿದ್ದರು, ಅಷ್ಟೇ. ಗಂಗವ್ವ ಇಡೀ ಮೈ ತಿರುಗಿಸಿ ನನ್ನನ್ನು ನೋಡಿದಳು.

"ಏನಂದ್ರರೀ ಸಾಹೇಬ್ರು?"

"ಅವರಿಗೆ ಬೇಕಾದವರನ್ನು ಮೊದಲೇ ಗೊತ್ತು ಮಾಡಿದ್ದಾರಂತೆ" ಎಂದೆ. "ಮುನ್ಸಿಪಾಲಿಟಿ ಅಂದರೆ ಹಾಗೇ."

ಅವಳು ಸ್ವಲ್ಪ ಹೊತ್ತು ಕಸಬರಿಗೆಯ ಕಡ್ಡಿಗಳನ್ನು ಸರಿಮಾಡುತ್ತ ನಿಂತಳು. ಆಮೇಲೆ, "ನೀವರ ಇದ್ದೀರಿ, ಖರೇ ಹೇಳಿದ್ರಿ. ಇಲ್ಲಂದ್ರ ಮುಂದಿನ ವರ್ಷಾನೂ ಗುಡಿಸ್ಕೋತ ಕೂಡ್ತಿದ್ನಿ" ಎಂದಳು.

ಮರುದಿನದಿಂದ ಅವಳು ಮತ್ತೆ ಹೊತ್ತಿಗೆ ಸರಿಯಾಗಿ ಇಟ್ಟಿಗೆ ಹೊರಲು ಹೋದಳು. ನಾನು ಆ ಮಳೆಗಾಲ ಮುಗಿಯುವುದರೊಳಗೆ ಖೋಲಿ ಬದಲಾಯಿಸಿದೆ. ಆಮೇಲಿನ ವರ್ಷಗಳಲ್ಲಿ ಮುನ್ಸಿಪಾಲಿಟಿಯನ್ನು ಎಷ್ಟು ಸಲ, ಎಷ್ಟು ಸಭೆಗಳಲ್ಲಿ ಬೈದಿದ್ದೇನೋ ಲೆಕ್ಕವಿಲ್ಲ. ಬೈಗುಳಕ್ಕೆ ಅವರು ಯೋಗ್ಯರೇ. ಆದರೆ ಗಂಗವ್ವನ ಕುತ್ತಿಗೆಯ ಮೇಲಿನ ಇಟ್ಟಿಗೆ ಅವರು ಇಟ್ಟದ್ದಲ್ಲ.

ಇದನ್ನು ಬರೆದು ಮುಗಿಸುವಾಗ ಮಧ್ಯಾಹ್ನವಾಗಿದೆ. ಮನಸ್ಸು ಹಗುರವಾಯಿತೇ ಎಂದು ನೀವು ಕೇಳಬಹುದು. ಇಷ್ಟು ವರ್ಷದ ಮೇಲಾದರೂ ಒಪ್ಪಿಕೊಂಡನಲ್ಲ, ದೊಡ್ಡ ಮನುಷ್ಯ ಎಂದೂ ಅನ್ನಬಹುದು. ದಯವಿಟ್ಟು ಹಾಗೆ ಅನ್ನಬೇಡಿ. ಗಂಗವ್ವ ಎಲ್ಲಾದರೂ ಬದುಕಿದ್ದರೂ ಅವಳಿಗೆ ಓದಲು ಬರುವುದಿಲ್ಲ. ಆ ಧೈರ್ಯದ ಮೇಲೆಯೇ ಇಷ್ಟನ್ನೂ ಬರೆದಿದ್ದೇನೆ.