ಬಲೆ ಒಣಗಿಸಿದ ತಪ್ಪಿಗೆ

ಕೆಂಗೇರಿ ಆಚೆಯ ಕೆರೆಯಲ್ಲಿ ಬೈರಯ್ಯ ಮೀನು ಹಿಡಿಯಲು ಶುರು ಮಾಡಿ ನಲವತ್ತು ವರ್ಷ. ಆಷಾಢ ಬಂತೆಂದರೆ ಬಲೆ ತೊಳೆದು, ಒಣಗಿಸಿ ಅಟ್ಟಕ್ಕೆ ಹಾಕುತ್ತಾರೆ. ಗೌರಿ ಹಬ್ಬದವರೆಗೆ ಇಳಿಸುವುದಿಲ್ಲ. ಅದು ಮೀನು ಮರಿ ಮಾಡುವ ಕಾಲ. ಆ ಎರಡು ತಿಂಗಳು ಅವರ ಹೆಂಡತಿ ಲಕ್ಷ್ಮಿದೇವಮ್ಮ ಮೀನಿನ ಬದಲು ಸೊಪ್ಪು ಮಾರುತ್ತಾರೆ.

ಉಳಿದವರಿಗೆ ಇಷ್ಟು ತಾಳ್ಮೆ ಎಲ್ಲಿಯದು? ಎಂಟು ತೆಪ್ಪ ಸಾಕಾಗುವ ಕೆರೆಗೆ ಇಪ್ಪತ್ತೆರಡು ಇಳಿದವು. ಅದರಲ್ಲಿ ಮೂರು, ವಿಜಯನಗರದಲ್ಲಿ ಬಾಡಿಗೆ ಬಿಲ್ಡಿಂಗ್ ಕಟ್ಟಿಸಿರುವ ಮಹೇಶನವು. ಅವನು ನೀರಿಗೆ ಕಾಲಿಟ್ಟವನಲ್ಲ. ಕೂಲಿಯವರನ್ನು ಬಿಟ್ಟು, ಸೊಳ್ಳೆಪರದೆಯಂಥ ಬಲೆಯಲ್ಲಿ ಬೆರಳುದ್ದದ ಮರಿಗಳನ್ನೂ ಬಾಚಿಸಿದ. ಕೆರೆ ಬರಿದಾಗುತ್ತ ಬಂತು.

ಆಗ ಮೀನುಗಾರರ ಸೊಸೈಟಿಯ ಕಾರ್ಯದರ್ಶಿ ವೆಂಕಟಗಿರಿಯವರಿಗೆ ಜ್ಞಾನೋದಯವಾಯಿತು. ಕರಾವಳಿಯಲ್ಲಿ ಎರಡು ದಿನದ ತರಬೇತಿ ಪಡೆದು ಬಂದವರು, ಅಲ್ಲಿ ಕೊರಳಿಗೆ ಹಾಕಿದ್ದ ಬ್ಯಾಡ್ಜನ್ನು ತಿಂಗಳಾದರೂ ತೆಗೆದಿರಲಿಲ್ಲ. ತೆಪ್ಪ ಎಂಟಕ್ಕೆ ಇಳಿಯಬೇಕು, ಒಂದೊಂದಕ್ಕೂ ವರ್ಷಕ್ಕೆ ಇಷ್ಟೇ ಮೀನು ಎಂದು ಗೊತ್ತುಪಡಿಸಬೇಕು ಎಂದರು. ಸರಿಯಾದ ಮಾತೇ. ಆದರೆ ಯಾವ ಎಂಟು? ಹೆಚ್ಚು ಹಿಡಿದವರವು! ಅದಕ್ಕೆ ವೆಂಕಟಗಿರಿ ಎಲ್ಲರ ಮೀನು ತೂಕ ಹಾಕಿಸಿದ್ದು ಆಷಾಢ, ಶ್ರಾವಣದಲ್ಲಿ ಮಾತ್ರ.

“ಬೈರಯ್ಯ, ಸೊನ್ನೆ,” ಎಂದು ಸಭೆಯಲ್ಲಿ ಓದಿದರು.

ಬೈರಯ್ಯ ಎದ್ದು ನಿಂತರು. “ಸಾರ್, ನಾನು ಬಿಟ್ಟಿದ್ದನ್ನೇ ಅಲ್ವಾ ಅವ್ರು ಹಿಡಿದಿದ್ದು? ಕೆರೆ ಬಳಿದೋರಿಗೆ ಬಹುಮಾನ, ಉಳಿಸಿದೋನಿಗೆ ಗೇಟ್‌ಪಾಸಾ?”

“ಭಾವನೆ ಬೇರೆ, ಡೇಟಾ ಬೇರೆ ಬೈರಯ್ಯೋರೆ. ನಿಮಗೆ ಅರ್ಥ ಆಗಲ್ಲ.”

“ಅರ್ಥ ಆಗಿದ್ದಕ್ಕೇ ಹೊಟ್ಟೆ ಉರೀತಾ ಇರೋದು!”

ಮಹೇಶನಿಗೆ ಮೂರು ಲೈಸೆನ್ಸ್ ಸಿಕ್ಕವು. ಬೈರಯ್ಯನ ತೆಪ್ಪವನ್ನು ದಡದ ಮರಕ್ಕೆ ಸರಪಳಿ ಹಾಕಿ ಕಟ್ಟಿದರು.

ವಾರ ಕಳೆದು ಮಹೇಶ, ಬೈರಯ್ಯ ಮತ್ತು ಲಕ್ಷ್ಮಿದೇವಮ್ಮ ಕೂತಿದ್ದ ಕೆರೆಯ ದಡಕ್ಕೆ ವೆಂಕಟಗಿರಿಯವರ ಜೊತೆ ಬಂದ. “ಬೈರಣ್ಣ, ಲೈಸೆನ್ಸ್ ನಂದು, ಕೆಲಸ ನಿಂದು. ಬಂದಿದ್ದರಲ್ಲಿ ಅರ್ಧ ಅರ್ಧ.”

ಬೈರಯ್ಯನಿಗಿಂತ ಮೊದಲು ಲಕ್ಷ್ಮಿದೇವಮ್ಮ ಬಾಯಿ ತೆರೆದರು. “ಅರ್ಧ ಯಾಕಪ್ಪಾ? ಜಾಸ್ತಿ ಮೀನು ಹಿಡಿದೋನು ನೀನೇ ಅಂತಲ್ಲ. ಇಳಿ ನೀರಿಗೆ, ನಾವೂ ನೋಡಿ ಕಲಿತ್ಕೋತೀವಿ.”

ಜೊತೆಗಿದ್ದ ವೆಂಕಟಗಿರಿಯವರ ಮುಂದೆ ಮಹೇಶನಿಗೆ ಮರ್ಯಾದೆ ಪ್ರಶ್ನೆ. ತನ್ನದೇ ತೆಪ್ಪ ಹತ್ತಿ ಹುಟ್ಟು ಹಾಕಿದ. ಬುಟ್ಟಿಯಂಥ ತೆಪ್ಪ ಮುಂದೆ ಹೋಗದೆ ಗಿರಗಿರ ತಿರುಗಿತು. ತಿರುಗುತ್ತಲೇ ಗಾಳಿಗೆ ಕೆರೆಯ ನಡುವಿಗೆ ಹೋಯಿತು.

“ಬೈರಣ್ಣಾ! ಈಜು ಬರಲ್ಲ ಕಣಣ್ಣಾ!”

“ಸುಮ್ನೆ ನಿಂತಿದೀರಲ್ರೀ, ಹೋಗಿ!” ಎಂದು ವೆಂಕಟಗಿರಿ ಕೂಗಾಡುತ್ತ ತಾವೇ ಸರಪಳಿ ಬಿಚ್ಚಿದರು. ಬೈರಯ್ಯ ತಮ್ಮ ತೆಪ್ಪದಲ್ಲಿ ಹೋಗಿ ಮಹೇಶನನ್ನು ದಡಕ್ಕೆ ತಂದರು.

ಮೂರನೇ ದಿನ ಬೈರಯ್ಯನಿಗೆ ಸೊಸೈಟಿಯಿಂದ ನೋಟಿಸ್ ಬಂತು: ಲೈಸೆನ್ಸ್ ಇಲ್ಲದೆ ಕೆರೆಗೆ ತೆಪ್ಪ ಇಳಿಸಿದ್ದೇಕೆ? ಕೆಳಗೆ ಸಾಕ್ಷಿಯ ಸಹಿ, ಮಹೇಶನದು.