ನಾಕಾದಲ್ಲಿ ಎದ್ದು ನಿಂತ ಮನೆ

ಸತ್ಯವ್ವನವರ ಪ್ಲಾಟು ಕಸಿದುಕೊಳ್ಳುವ ನೋಟೀಸು ಟೈಪು ಮಾಡಿದವನು ನಾನೇ. ಟೈಪು ಮಾಡಿ, ಮಡಚಿ ಜೇಬಿನಲ್ಲಿಟ್ಟುಕೊಂಡು, ಅವರ ಖಾನಾವಳಿಗೇ ಹೋಗಿ ಎರಡು ರೊಟ್ಟಿ, ಎಣ್ಣೆಗಾಯಿ ಪಲ್ಯ ತಿಂದು ಕೈ ತೊಳೆದ ಮೇಲೆ ಕೊಟ್ಟೆ. ಮೊದಲೇ ಕೊಟ್ಟಿದ್ದರೆ ಊಟ ಸಿಗುತ್ತದೋ ಇಲ್ಲವೋ ಎಂಬ ಅನುಮಾನವಿತ್ತು. ಉಂಡ ಮನೆಗೆ ಎರಡು ಬಗೆಯುವುದು ಎಂದರೆ ಇದೇ ಎಂದು ನನಗೂ ಗೊತ್ತು. ಆದರೆ ನಾನು ಆ ಗೃಹ ನಿರ್ಮಾಣ ಸೊಸೈಟಿಯ ಗುಮಾಸ್ತ, ಚೇರಮನ್ನರು ಹೇಳಿದ್ದನ್ನು ಟೈಪು ಮಾಡುವುದೇ ನನ್ನ ನೌಕರಿ.

"ಓದಿ ಹೇಳ್ರಿ ಈರಯ್ಯಾರ, ನನ್ನ ಕೈ ಹಿಟ್ಟಾಗ್ಯಾವ" ಅಂದರು ಸತ್ಯವ್ವ.

ಓದಿದೆ. ೧೯೭೯ರ ಮಾರ್ಚ್ ೩೧ರ ಸಂಜೆ ಐದರೊಳಗೆ ಪ್ಲಾಟಿನ ಮೇಲೆ ಮನೆ ನಿಲ್ಲಿಸಿ ಚಾವಣಿ ಹೊದಿಸಿರಬೇಕು. ತಪ್ಪಿದರೆ ಪ್ಲಾಟು ಪಟ್ಟಿಯಲ್ಲಿರುವ ಮುಂದಿನವರಿಗೆ ಹೋಗುತ್ತದೆ. ಉಳಿದದ್ದು ಮೂರು ತಿಂಗಳು.

"ಮುಂದಿನವರು ಯಾರ‍್ರಿ?"

"ಚೇರಮನ್ನರ ಭಾವಮೈದುನ."

ಸತ್ಯವ್ವ ನಕ್ಕರು. "ಹಂಗಾರ ಖರೇನ ಕಸಗೋತಾರ."

ಸತ್ಯವ್ವ ಖಾನಾಪುರ ತಾಲೂಕಿನ ಕಾಡಂಚಿನ ಹಳ್ಳಿಯವರು. ಗಂಡ ಸಿದ್ದಪ್ಪ ಲೋಂಡಾ ಕಡೆ ಲಾರಿ ಓಡಿಸುತ್ತಿದ್ದ. ಒಂದಲ್ಲ ಒಂದು ದಿನ ಬೆಳಗಾವಿಯಲ್ಲಿ ಸ್ವಂತ ಮನೆ ಮಾಡಬೇಕೆಂದು ಸೊಸೈಟಿಗೆ ಹೆಸರು ಬರೆಸಿದ, ಮರುವರ್ಷವೇ ಘಟ್ಟದಲ್ಲಿ ಲಾರಿ ಉರುಳಿ ಸತ್ತ. ಆಗ ಈಕೆಗೆ ಇಪ್ಪತ್ತೊಂಬತ್ತು. ತವರಿಗೆ ಬಾ ಎಂದವರಿಗೆ ಕೈಮುಗಿದು, ಬೆಳಗಾವಿಯ ಹಿಂದವಾಡಿಯಲ್ಲಿ ಒಂದೂವರೆ ಖೋಲಿ ಬಾಡಿಗೆಗೆ ಹಿಡಿದು ಖಾನಾವಳಿ ಶುರು ಮಾಡಿದರು. ರೊಟ್ಟಿ ಬಡಿದೂ ಬಡಿದೂ ಸೊಸೈಟಿಯ ಕಂತು ಕಟ್ಟಿ, ಗಂಡ ಬರೆಸಿದ ಹೆಸರನ್ನು ಉಳಿಸಿಕೊಂಡರು.

ಹನ್ನೊಂದು ವರ್ಷದಲ್ಲಿ ಒಂಬತ್ತು ಮನೆ ಬದಲಾಯಿಸಿದರು. ಮೊದಲ ಮಾಲೀಕರಿಗೆ ನಸುಕಿನಲ್ಲಿ ರೊಟ್ಟಿ ಬಡಿಯುವ ಸದ್ದು ಸೇರಲಿಲ್ಲ. ಎರಡನೆಯವರಿಗೆ ಹೊಗೆ ಸೇರಲಿಲ್ಲ. ಮೂರನೆಯವರಿಗೆ ಗಂಡನಿಲ್ಲದವಳ ಬಾಗಿಲ ಮುಂದೆ ಗಂಡಸರ ಚಪ್ಪಲಿ ಸಾಲು ಸೇರಲಿಲ್ಲ. ನಾಲ್ಕನೆಯವರಿಗೆ ಏನೂ ಆಗಿರಲಿಲ್ಲ, ಹೆಚ್ಚು ಬಾಡಿಗೆ ಕೊಡುವ ಪ್ರೊಫೆಸರರೊಬ್ಬರು ಸಿಕ್ಕಿದ್ದರು, ಅಷ್ಟೇ. ಆಗೆಲ್ಲ ಬ್ಯಾಂಕಿನವರು, ಕಾಲೇಜಿನವರು, ಮಿಲಿಟರಿ ಪೆನ್ಶನ್ ತೆಗೆದುಕೊಂಡವರು ಹಿಂದವಾಡಿಗೆ ಮುಗಿಬಿದ್ದಿದ್ದರು. ಖಾಲಿ ಜಾಗದ ಬೆಲೆ ಮೂರೇ ವರ್ಷದಲ್ಲಿ ನಾಲ್ಕು ಪಟ್ಟಾಗಿತ್ತು. ಚೇರಮನ್ನರ ಮನೆಯವರಿಗೆ ಸತ್ಯವ್ವನವರ ಮೂಲೆ ಪ್ಲಾಟಿನ ಮೇಲೆ ಪ್ರೀತಿ ಹುಟ್ಟಿದ್ದು ಸುಮ್ಮನೆ ಅಲ್ಲ.

ಮನೆ ಕಟ್ಟಲು ಸಿಮೆಂಟು ಬೇಕು, ಸಿಮೆಂಟಿಗೆ ಪರ್ಮಿಟ್ಟು ಬೇಕು. ಪರ್ಮಿಟ್ಟಿನ ಸಾಲಿನಲ್ಲಿ ನಿಂತರೆ ಎರಡು ಮಳೆಗಾಲ ಕಳೆಯಬಹುದಿತ್ತು. ಜನವರಿ ಹೋಯಿತು. ಫೆಬ್ರವರಿಯಲ್ಲಿ ಸತ್ಯವ್ವ ತಂಗಿಯ ಬಸುರಿ ಮಗಳ ಕುಬುಸಕ್ಕೆಂದು ಖಾನಾಪುರಕ್ಕೆ ಹೋದವರು, ಮರಳಿ ಬಂದು ನನ್ನ ಮೇಜಿನ ಮುಂದೆ ನಿಂತು, "ಈರಯ್ಯಾರ, ಮನಿ ಸಿಕ್ತು" ಅಂದರು.

"ಎಲ್ಲಿ, ಅಕ್ಕಾರ?"

"ಖಾನಾಪುರದಾಗ. ಇಲ್ಲಿಗೆ ತರಬೇಕು."

ಪೇಟೆಯ ಹಿಂದೆ ಒಂದು ಹಳೆಯ ಸಾಗವಾನಿ ಮನೆ. ಅಣ್ಣತಮ್ಮಂದಿರು ಆಸ್ತಿಯ ವಾಟ್ನಿ ಮಾಡಿಕೊಂಡು, ಜಾಗ ಹಂಚಿಕೊಳ್ಳಲು ಮನೆ ಕೆಡವಿ ಕಟ್ಟಿಗೆಯನ್ನು ಇಟ್ಟಿಗೆ ಭಟ್ಟಿಗೆ ಹಾಕುವವರಿದ್ದರು. ಸತ್ಯವ್ವ ಕೈಯೊಳಗಿನ ಬಂಗಾರದ ಪಾಟ್ಲಿ ಮಾರಿ ಆ ಮನೆಯನ್ನು ಕೊಂಡರು, ಕೆಳಗಿನ ನೆಲವೊಂದನ್ನು ಬಿಟ್ಟು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅನ್ನುತ್ತಾರೆ. ಮನೆ ಬಿಚ್ಚಿ ನೋಡು ಎಂದು ಯಾರೂ ಹೇಳಿದ್ದನ್ನು ನಾನು ಕೇಳಿರಲಿಲ್ಲ.

ಬಡಿಗೇರ ಬಸಲಿಂಗಪ್ಪ ಒಪ್ಪಿಕೊಂಡ. ಒಂದೊಂದು ಕಂಬಕ್ಕೂ ತೊಲೆಗೂ ಉಳಿಯಿಂದ ಆಳವಾದ ಗೀಟು ಹಾಕಿದ. ಒಂದು ಗೀಟಿನ ಕಂಬದ ಮೇಲೆ ಒಂದು ಗೀಟಿನ ತೊಲೆ ಕೂರಬೇಕು, ಎರಡರ ಮೇಲೆ ಎರಡು. ಅರಣ್ಯ ಇಲಾಖೆಯವರು ಬಂದು, ಬಿಚ್ಚುವ ಮೊದಲೇ ಮನೆಯನ್ನು ನೋಡಿ ಸಾಗಾಣಿಕೆ ಪಾಸು ಬರೆದುಕೊಟ್ಟರು. "ಹಳೆಯ ಮನೆಯ ಸಾಗವಾನಿ, ಹೊಗೆ ಹಿಡಿದು ಕಪ್ಪಾದದ್ದು" ಎಂದು ಸ್ಪಷ್ಟವಾಗಿ ಬರೆದಿತ್ತು.

ಎಲ್ಲ ಸರಿಯಾಗಿತ್ತು. ಕೆಡಿಸಿದ್ದು ಸತ್ಯವ್ವನವರ ಮಡಿವಂತಿಕೆ. ಬಿಚ್ಚಿಟ್ಟ ಕಟ್ಟಿಗೆ ನೋಡಿ ಮುಖ ಕಿವುಚಿದರು. "ಮಂದಿ ಒಲಿ ಮಸಿ ನನ್ನ ಮನಿಗ್ಯಾಕ? ಹತ್ರಿ ಹೊಡಿ ಅಣ್ಣಾ." ಬಸಲಿಂಗಪ್ಪನಿಗೆ ಮೂರು ದಿನದ ಪಗಾರ ಹೆಚ್ಚು ಸಿಗುವಾಗ ಬೇಡವೆಂದಾನೆಯೇ? ಕಟ್ಟಿಗೆಯ ಮೇಲ್ಪದರವನ್ನೆಲ್ಲ ಹತ್ರಿಯಿಂದ ಹೆರೆದು ತೆಗೆದು, ಎಣ್ಣೆ ಒರೆಸಿದ. ನೂರು ವರ್ಷದ ಕಂಬಗಳು ಹಳದಿ ಬಣ್ಣಕ್ಕೆ ತಿರುಗಿ ಮದುಮಗನಂತೆ ಹೊಳೆದವು. ರಜೆ ಹಾಕಿ ನೆರವಿಗೆ ಹೋಗಿದ್ದ ನಾನೂ ಭೇಷ್ ಭೇಷ್ ಎಂದು ತಲೆಯಾಡಿಸಿದೆ. ಮೂರು ಜನರಲ್ಲಿ ಒಬ್ಬರಿಗೂ ಪಾಸಿನ ನೆನಪಾಗಲಿಲ್ಲ.

ಮಾರ್ಚ್ ಇಪ್ಪತ್ತೊಂಬತ್ತು, ಗುರುವಾರ ಬೆಳಿಗ್ಗೆ ಲಾರಿ ಹೊರಟಿತು. ದಾರಿಯಲ್ಲಿ ಅರಣ್ಯ ಇಲಾಖೆಯ ತಪಾಸಣೆ ನಾಕಾ. ಗಾರ್ಡ್ ಭರಮಪ್ಪ ಪಾಸು ಓದಿದ, ಲಾರಿ ನೋಡಿದ, ಮತ್ತೆ ಪಾಸು ಓದಿದ.

"ಯವ್ವಾ, ಪಾಸಿನ್ಯಾಗ ಕರೀ ಕಟಗಿ ಐತಿ. ಲಾರ‍್ಯಾಗ ಹೊಸಾ ಕಟಗಿ ಐತಿ. ನಾ ಯಾವುದನ್ನ ನಂಬ್ಲಿ?"

ಅವನದೇನೂ ತಪ್ಪಿರಲಿಲ್ಲ. ಹಳೆ ಪಾಸು ತೋರಿಸಿ ಹೊಸ ಮರ ಸಾಗಿಸುವ ಕಳ್ಳರನ್ನು ಅವನು ದಿನಾ ನೋಡುತ್ತಿದ್ದ. ಮಾಲು ಡಿಪೋಗೆ ಹೋಗಬೇಕು, ಚೌಕಶಿ, ವಿಚಾರಣೆ ಆಗಬೇಕು, ತಿಂಗಳಾದರೂ ಹಿಡಿಯುತ್ತದೆ ಅಂದ. ನಮಗೆ ಉಳಿದದ್ದು ಎರಡು ದಿನ. ನನ್ನ ಕೈ ತಾನಾಗಿ ಜೇಬಿಗೆ ಹೋಯಿತು. ಸತ್ಯವ್ವ ಆ ಕೈಯ ಮೇಲೆ ಒಂದು ಏಟು ಹಾಕಿದರು.

"ಕದ್ದಿದ್ರ ಕೊಡಬೇಕ್ರಿ. ನಾ ಏನ ಕದ್ದೀನಿ?" ಎಂದು, ಭರಮಪ್ಪನ ಕಡೆ ತಿರುಗಿದರು. "ನಿಮ್ಮ ಸಾಹೇಬ್ರು ಯಾವಾಗ ಬರ್ತಾರಪಾ?"

"ಸಂಜೀ ನಾಕಕ್ಕ."

"ಟೈಮ್ ಐತಿ ಹಂಗಾರ. ಅಣ್ಣಾ, ಎಲ್ಲಾ ಕೆಳಗ ಇಳಸು. ಮನಿ ಇಲ್ಲೇ ನಿಂದರಸೂಣು."

ಬಸಲಿಂಗಪ್ಪ ರಸ್ತೆ ಬದಿಯ ಬಯಲಿನ ಕಡೆ ಕೈ ತೋರಿಸಿದ. "ಇಲ್ಲೇನ, ತಂಗೆವ್ವಾ?"

"ಕದ್ದ ಕಟಗಿ ಆದ್ರ ಕೂಡೂದಿಲ್ಲ. ಮನಿ ಕಟಗಿ ಆದ್ರ ಕೂಡತೈತಿ. ನೋಡೇಬಿಡೂಣು."

ನಾಕಾದ ಪಕ್ಕದ ಬಯಲಿನಲ್ಲಿ ಕೆಲಸ ಶುರುವಾಯಿತು. ನಾಲ್ವರು ಹಮಾಲರು, ಬಸಲಿಂಗಪ್ಪ, ಭಾರ ಹೊತ್ತು ಗೊತ್ತಿಲ್ಲದ ನಾನು. ಒಂದು ಗೀಟಿಗೆ ಒಂದು, ಎರಡಕ್ಕೆ ಎರಡು. ಬೆಣೆ ಬಡಿದಂತೆಲ್ಲ ಕಂಬಗಳು ಒಂದನ್ನೊಂದು ಹಿಡಿದುಕೊಂಡವು. ಎಂಟು ಕಂಬ ಎದ್ದವು, ತೊಲೆಗಳು ಕೂತವು. ಗೋವಾದ ಬಸ್ಸು ನಿಂತು ಪ್ರಯಾಣಿಕರೆಲ್ಲ ಇಳಿದು ನೋಡಿದರು. "ಬಾಜೂಲಾ ಸರಕಾ" ಎಂದು ಮರಾಠಿಯಲ್ಲಿ ಜನರನ್ನು ಸರಿಸುತ್ತಿದ್ದ ಭರಮಪ್ಪ, ದೊಡ್ಡ ತೊಲೆ ಏಳದೆ ನಮ್ಮ ಹಮಾಲರು ತಿಣುಕುವುದನ್ನು ನೋಡಲಾರದೆ, ಕೋಲು ಬದಿಗಿಟ್ಟು ತಾನೂ ಹೆಗಲು ಕೊಟ್ಟ.

ನಾಲ್ಕಕ್ಕೆ ಜೀಪು ಬಂತು. ಸಾಹೇಬರು ಇಳಿದು ಕನ್ನಡಕ ಒರೆಸಿಕೊಂಡರು.

"ಇಲ್ಲಿ ಮನಿ ಯಾವಾಗ ಆತೋ?"

"ಮಧ್ಯಾಹ್ನ ಆತ್ರಿ ಸಾಹೇಬ್ರ" ಅಂದ ಭರಮಪ್ಪ.

ಸಾಹೇಬರು ಸುತ್ತು ಹಾಕಿದರು, ಕಂಬ ನೂಕಿ ನೋಡಿದರು, ಹತ್ರಿ ತಾಗದ ಸಂದಿಯಲ್ಲಿ ಬೆರಳಿಟ್ಟರು. ಬೆರಳಿಗೆ ಮಸಿ ಹತ್ತಿತು. ಪಾಸು ಇಸಿದುಕೊಂಡು, "ಮಸಿ ತೆಗೆಸಿದ್ದಾರೆ, ಖುದ್ದು ಪರಿಶೀಲಿಸಿದೆ" ಎಂದು ಬರೆದು ಸಹಿ ಹಾಕಿದರು. ನೆರೆದಿದ್ದ ಜನ ಚಪ್ಪಾಳೆ ತಟ್ಟಿದರು. ನನಗೆ ಕಣ್ಣಲ್ಲಿ ನೀರು ಬಂತು, ನಾಚಿಕೆಯೇನಿಲ್ಲ. ಸತ್ಯವ್ವ ಮಾತ್ರ "ಬಿಚ್ಚು ಅಣ್ಣಾ, ಹೊತ್ತಾತು" ಅಂದರು.

ಒಮ್ಮೆ ಜೋಡಿಸಿ ಕೈ ಪಳಗಿತ್ತು, ಹಿಂದವಾಡಿಯಲ್ಲಿ ಅರ್ಧ ದಿನವೂ ಹಿಡಿಯಲಿಲ್ಲ. ಶುಕ್ರವಾರ ಮಧ್ಯಾಹ್ನದೊಳಗೆ ಮನೆ ನಿಂತಿತು. ಶನಿವಾರ ಖಾನಾಪುರದ ಕೆಂಪು ಹಂಚು ಏರಿತು. ಗೋಡೆಗೆ ಮಾತ್ರ ಸಮಯವಿರಲಿಲ್ಲ, ಮುಂದಿನ ಬಾಗಿಲ ಚೌಕಟ್ಟೊಂದನ್ನು ಬಿಟ್ಟರೆ ನಾಲ್ಕೂ ಕಡೆ ಬಯಲು. ಗೋಡೆಗಳು ಜೂನಿನ ಮಳೆಗೆ ಮೊದಲು ಎದ್ದವು, ಆಮೇಲೆ ಹಿಂದೊಂದು ಖೋಲಿ ಬಂತು, ಸತ್ಯವ್ವ ಅದನ್ನು ಒಬ್ಬ ವಿಧವೆ ನರ್ಸಮ್ಮನಿಗೆ ಬಾಡಿಗೆಗೆ ಕೊಟ್ಟು ಒಂದು ಸಲವೂ ಖಾಲಿ ಮಾಡು ಅನ್ನಲಿಲ್ಲ. ಆದರೆ ನಾನು ಹೇಳಬೇಕಾದದ್ದು ಆ ಶನಿವಾರದ ಸಂಜೆಯದು.

ನಾಲ್ಕೂವರೆಗೆ ಚೇರಮನ್ ಗುರುಪುತ್ರಪ್ಪನವರು ಭಾವಮೈದುನನನ್ನು ಕರೆದುಕೊಂಡು ಬಂದರು. ರಸ್ತೆಯಲ್ಲೇ ನಿಂತು ನಕ್ಕರು.

"ಗ್ವಾಡಿ ಎಲ್ಲದಾವ? ಇದಕ್ಕ ಹಂದರ ಅಂತಾರ, ಮನಿ ಅನ್ನೂದಿಲ್ಲ."

"ನೋಟೀಸಿನ್ಯಾಗ ಚಾವಣಿ ಅಂತ ಐತ್ರಿ" ಅಂದೆ ನಾನು. "ಗ್ವಾಡಿ ಅಂತ ಇಲ್ರಿ. ಟೈಪು ಮಾಡಿದಾಂವ ನಾನ ರೀ."

ಅವರು ನನ್ನನ್ನು ನುಂಗುವಂತೆ ನೋಡಿದರು. ಪಕ್ಕದ ಎರಡು ಕಂಬಗಳ ನಡುವಿನಿಂದ ಚಪ್ಪಲಿ ಕಾಲಲ್ಲೇ ಒಳಗೆ ನುಗ್ಗಲು ಹೆಜ್ಜೆ ಎತ್ತಿದರು.

"ನಿಂದರ್ರಿ, ಚೇರಮನ್ನರ" ಅಂದರು ಸತ್ಯವ್ವ. ದನಿ ಏರಿಸಲಿಲ್ಲ. "ಬಾಗಲಾ ಆ ಕಡಿ ಐತ್ರಿ."

ಗಾಳಿ ಬೇಕಾದ ಕಡೆಯಿಂದ ಬರುತ್ತಿತ್ತು, ಓಣಿಯ ನಾಯಿ ಎರಡು ಸಲ ಹಾದು ಹೋಗಿತ್ತು. ಗುರುಪುತ್ರಪ್ಪನವರು ಮೇಲಿದ್ದ ಹಂಚಿನವರನ್ನು ನೋಡಿದರು, ನೆರೆದಿದ್ದ ಓಣಿಯವರನ್ನು ನೋಡಿದರು. ಎತ್ತಿದ ಕಾಲನ್ನು ಹಿಂದಿಟ್ಟರು. ಸುತ್ತು ಬಳಸಿ ಮುಂದೆ ಹೋಗಿ, ಚಪ್ಪಲಿ ಬಿಟ್ಟು, ಹಳೆಯ ಮನೆಯ ಗಿಡ್ಡ ಬಾಗಿಲಿಗೆ ತಲೆ ತಗ್ಗಿಸಿ ಒಳಗೆ ಬಂದರು.

"ಬರ್ರಿ, ಕುಂದರ್ರಿ" ಎಂದು ಸತ್ಯವ್ವ ಕಂಬಳಿ ಹಾಸಿದರು. ಅವರು ಕುಳಿತರು. ಚಹಾ ಕುಡಿದರು. ಸೊಸೈಟಿಯ ರಜಿಸ್ಟರ್ ಕೇಳಿ, ಮನೆ ನಿಂತಿದೆ ಎಂದು ಸಹಿ ಹಾಕಿದರು.

ಆಗ ನನ್ನ ಕಾಲಿನ ಕಡೆ ನೋಡಿಕೊಂಡೆ. ಬೆಳಗಿನಿಂದ ಕಂಬಗಳ ನಡುವೆ ಬೇಕಾದಂತೆ ಓಡಾಡಿದ್ದೆ, ಚಪ್ಪಲಿ ಕಾಲಲ್ಲೇ ಇತ್ತು. ಹೊರಗೆ ಹೋದೆ. ಚಪ್ಪಲಿ ಬಿಟ್ಟೆ. ಸುತ್ತು ಬಳಸಿ, ತಲೆ ತಗ್ಗಿಸಿ, ಬಾಗಿಲಿನಿಂದ ಬಂದೆ.

"ಬರ್ರಿ ಈರಯ್ಯಾರ" ಅಂದರು ಸತ್ಯವ್ವ.

ಮೂರು ಬಾಡಿಗೆ ಮನೆಗಳಲ್ಲಿ ಅವರ ಕೈಯ ಊಟ ಉಂಡಿದ್ದೆ. ಅವರ ಮನೆಗೆ ಹೋದದ್ದು ಅದೇ ಮೊದಲು.