ಮೈಕು ಕಂಡರೆ ಏಳುವ ಗದ್ದ

ಇಳಕಲ್ಲಿನ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಗೆ ಹೊರಳಿದರೆ ಅಹ್ಮದಸಾಬನ ಗಾದಿ ಅಂಗಡಿ. ಅಂಗಡಿಯೆಂದರೆ ಒಂದು ಖೋಲಿ, ಖೋಲಿಯ ತುಂಬ ಹತ್ತಿ, ಹತ್ತಿಯ ನಡುವೆ ಉದ್ದ ಸೂಜಿ ಹಿಡಿದು ಕೂತ ಐವತ್ತೆರಡು ವರ್ಷದ ಮನುಷ್ಯ. ಹಗಲೆಲ್ಲ ತಲೆ ತಗ್ಗಿಸಿ ಗಾದಿ ಹೊಲಿಯುವ ಈತ ಹುನಗುಂದ ಕಡೆಯ ಹಳ್ಳಿಗಳ ಪಾಲಿಗೆ ‘ಗೌಡ’. ಊರವರು ಕೂಡಿ ನಾಟಕ ಆಡಿದರೆ ಅದರಲ್ಲೊಬ್ಬ ಕೆಟ್ಟ ಗೌಡ ಇರಲೇಬೇಕು, ಆ ಗೌಡನ ಪಾತ್ರಕ್ಕೆ ಇಳಕಲ್ಲಿಗೆ ಹೇಳಿಕಳಿಸಲೇಬೇಕು. ನಾಟಕ ಮುಗಿದ ಬೆಳಗ್ಗೆ ಅವನು ಚಹಾ ಕುಡಿಯಲು ಹೊರಟರೆ ಕಟ್ಟೆಯ ಮೇಲಿನ ಮುದುಕಿಯರು ‘ನಿನ್ನ ಬಾಯಾಗ ಮಣ್ಣ ಬೀಳಲಿ’ ಎಂದು ಬೈದದ್ದುಂಟು. ಅಂಥ ಬೈಗುಳ ಬಿದ್ದ ದಿನ ಅವನು ಎರಡು ಚಹಾ ಕುಡಿಯುತ್ತಿದ್ದ.

ಅವನ ಪಾತ್ರ ನೋಡಿ ಬೈಯದೆ ಉಳಿದವಳು ಒಬ್ಬಳೇ, ಹೆಂಡತಿ ರಂಜಾನಬಿ. ಯಾಕೆಂದರೆ ಅವಳು ನೋಡಿಯೇ ಇರಲಿಲ್ಲ. ಆ ಮನೆಯ ಹೆಂಗಸರು ರಾತ್ರಿ ಪರವೂರಿಗೆ ನಾಟಕ ನೋಡಲು ಹೋಗುವ ವಾಡಿಕೆ ಅಹ್ಮದಸಾಬನ ಅಪ್ಪನ ಕಾಲದಿಂದಲೂ ಇಲ್ಲ. ಯಾರೂ ಬೇಡ ಎಂದು ಹೇಳಿದ್ದಲ್ಲ. ಯಾರೂ ಹೊರಟದ್ದೂ ಇಲ್ಲ. ಒಮ್ಮೆ ಯಾರೋ ಮೊಬೈಲಿನಲ್ಲಿ ಹಿಡಿದ ವಿಡಿಯೊ ತಂದು ತೋರಿಸಿದ್ದ. ಲೈಟಿನ ಬೆಳಕಲ್ಲಿ ಹೆಬ್ಬೆರಳಷ್ಟು ಸಣ್ಣ ಆಕಾರವೊಂದು ಓಡಾಡುತ್ತಿತ್ತು. ಮನೆಮಾತು ಉರ್ದುವಾದರೂ ರಂಜಾನಬಿ ಹಂಗಿಸುವುದು ಮಾತ್ರ ಕನ್ನಡದಲ್ಲಿ: “ಇದು ನೀವ ಅಂತ ಹ್ಯಾಂಗ ನಂಬೂದು? ಯಾರರ ಆಗಿರಬಹುದು.”

ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಈ ಮಾತು ಅವನಿಗೆ ಒಳಗೊಳಗೇ ಚುಚ್ಚುತ್ತಿತ್ತು. ಸಾವಿರ ಜನ ಒಪ್ಪಿದ ಗೌಡನನ್ನು ಮನೆಯವಳು ಒಪ್ಪಬಾರದೆ?

ಮಗಳು ಆಫ್ರೀನ ಬಾಗಲಕೋಟೆಯಲ್ಲಿ ಕಾಲೇಜು ಓದುತ್ತಿದ್ದವಳು ಒಂದು ದಿನ ಸುದ್ದಿ ತಂದಳು. ಅಲ್ಲಿಯ ನವನಗರದಲ್ಲಿ ಪ್ರತಿ ಭಾನುವಾರ ಕ್ಯಾಮೆರಾ ಮುಂದೆ ನಟಿಸುವ ತರಬೇತಿ. ಮೂರು ತಿಂಗಳು. ಬಾದಾಮಿ ಸುತ್ತ ಒಂದು ಸಿನಿಮಾದ ಶೂಟಿಂಗ್ ಬರಲಿದೆ, ಸಣ್ಣಪುಟ್ಟ ಪಾತ್ರಗಳಿಗೆ ಇಲ್ಲಿ ಕಲಿತವರನ್ನೇ ಕಳಿಸುತ್ತಾರಂತೆ. ಅಪ್ಪನನ್ನು ಕೇಳದೆಯೇ ಅವನ ಹೆಸರು ಬರೆಸಿ ಬಂದಿದ್ದಳು.

“ನನಗ ಕಲಿಸಾವರು ಯಾರವ್ವ ಅಲ್ಲಿ?” ಎಂದು ಅಹ್ಮದಸಾಬ ಕಣ್ಣು ಕೆಂಪಗೆ ಮಾಡಿದ. ಗೌಡನ ಕಣ್ಣೇ ಅದು.

ಒಳಗಿನಿಂದ ರಂಜಾನಬಿ ಅಂದಳು: “ಹೋಗ್ರಿ. ಸಿನಿಮಾದಾಗ ಬಂದ್ರ ನಾ ಮನಿಯಾಗ ಕುಂತು ನೋಡ್ತೇನಿ. ಭಾಳ ಬ್ಯಾಡ, ಒಂದ ಮಾತ ಆಡ್ರಿ ಸಾಕು.”

ಒಂದು ಮಾತು. ಅಹ್ಮದಸಾಬ ಮರುಮಾತಾಡದೆ ಒಪ್ಪಿದ್ದು ಅದಕ್ಕೇ.

ತರಬೇತಿ ಕೊಡುವವನು ಬೀರೇಶ. ಮೂವತ್ತು ದಾಟಿರದ ಹುಡುಗ, ಬೆಂಗಳೂರಿನಲ್ಲಿ ನಾಲ್ಕು ಸೀರಿಯಲ್ಲುಗಳಲ್ಲಿ ನಾಯಕನ ಗೆಳೆಯನಾಗಿ ಬಂದವನು. ಮೊದಲ ಭಾನುವಾರವೇ ಅಹ್ಮದಸಾಬನನ್ನು ಕ್ಯಾಮೆರಾ ಮುಂದೆ ನಿಲ್ಲಿಸಿ, ಮಗ ಮನೆ ಬಿಟ್ಟು ಹೋದ ಸುದ್ದಿ ಕೇಳಿದ ಅಪ್ಪನಂತೆ ಮಾಡಿ ಎಂದ. ಅಹ್ಮದಸಾಬ ಎರಡು ಹೆಜ್ಜೆ ಹಿಂದೆ ಸರಿದು, ಎದೆಯ ಮೇಲೆ ಕೈಯಿಟ್ಟು, ಕಿಟಕಿಯ ಗಾಜು ನಡುಗುವ ಹಾಗೆ “ಮಗನೇ!” ಎಂದ. ಕೆಳಗಿನ ಔಷಧಿ ಅಂಗಡಿಯವನು ಏನಾಯಿತೆಂದು ಮೆಟ್ಟಿಲು ಹತ್ತಿ ಬಂದ.

ಬೀರೇಶ ಅದನ್ನು ಟಿವಿಯಲ್ಲಿ ಹಾಕಿ ತೋರಿಸಿದ. ಅಹ್ಮದಸಾಬ ತನ್ನನ್ನು ತಾನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಹುಬ್ಬುಗಳು ಹಣೆ ಹತ್ತಿ ಕೂತಿದ್ದವು. ಬಾಯಿ ಬಾವಿಯಂತೆ ತೆರೆದಿತ್ತು. ದುಃಖಪಡುವ ಅಪ್ಪನಲ್ಲ, ಹಲ್ಲು ಕೀಳಿಸಿಕೊಳ್ಳುವ ಅಪ್ಪ.

“ಕಾಕಾ, ಕ್ಯಾಮೆರಾ ನಿಮ್ಮ ಮಾರಿ ಮುಂದನ ಐತಿ,” ಎಂದ ಬೀರೇಶ. “ಹಿಂದಿನ ಸಾಲಿನವರಿಗೆ ಕೇಳಸೂದು ಬ್ಯಾಡ. ಕಡಿಮಿ ಮಾಡ್ರಿ.”

ಅವನು ಕಡಿಮೆ ಮಾಡಿದ. “ಇನ್ನಷ್ಟ ಕಡಿಮಿ.” ಮತ್ತೆ ಮಾಡಿದ. “ಇನ್ನೂ.” ಕೊನೆಗೆ ಸುಮ್ಮನೆ ನಿಂತ. “ಹಾಂ, ಈಗ ಬಂತ ನೋಡ್ರಿ!” ಎಂದು ಬೀರೇಶ ಚಪ್ಪಾಳೆ ತಟ್ಟಿದ. ಅಹ್ಮದಸಾಬನಿಗೆ ಮೈಯೆಲ್ಲ ಉರಿಯಿತು. ಏನೂ ಮಾಡದಿರುವುದೇ ನಟನೆಯಾದರೆ ಇಷ್ಟು ವರ್ಷ ತಾನು ಗಂಟಲು ಹರಿದುಕೊಂಡದ್ದು ಯಾಕೆ?

ಆದರೂ ಅವನು ಪ್ರತಿ ಭಾನುವಾರ ಬಸ್ ಹತ್ತಿದ. ಚಹಾದ ಕಪ್ಪು ಯಾವ ಮಾತಿಗೆ ಯಾವ ಕೈಯಲ್ಲಿತ್ತೋ ಪ್ರತಿ ಸಲವೂ ಅದೇ ಮಾತಿಗೆ ಅದೇ ಕೈಯಲ್ಲಿರಬೇಕು ಎಂಬುದನ್ನು ಕಲಿತ. ನೆಲಕ್ಕೆ ಅಂಟಿಸಿದ ಪಟ್ಟಿಯನ್ನು ನೋಡದೆಯೇ ಬಂದು ಅದರ ಮೇಲೆ ನಿಲ್ಲುವುದನ್ನು ಕಲಿತ. ಕ್ಯಾಮೆರಾದ ಕಣ್ಣನ್ನು ನೋಡದಿರುವುದನ್ನು ಕಲಿತ. ಮಾತು ಹಿಡಿಯಲು ಬೀರೇಶ ಅಂಗಿಯ ಕಾಲರಿಗೆ ಬಟಾಣಿಯಷ್ಟು ಸಣ್ಣ ಮೈಕೊಂದನ್ನು ಸಿಕ್ಕಿಸುತ್ತಿದ್ದ, ಅದಿರುವುದೂ ನೆನಪಾಗುತ್ತಿರಲಿಲ್ಲ. ಅಂಗಡಿಯಲ್ಲಿ ಹತ್ತಿ ತುಂಬಿದ ಅಂಡಿಗೆಗೆ ಮೊಬೈಲ್ ಆನಿಸಿಟ್ಟು, ಮಾರಿ ಅಲುಗಿಸದೆ ಮಾತಾಡುವುದನ್ನು ರೂಢಿ ಮಾಡಿದ. ಗಾದಿ ಒಯ್ಯಲು ಬಂದ ಓಣಿಯ ಪದ್ಮವ್ವ ಆ ಮುಖ ನೋಡಿ ಗಾಬರಿಯಾದಳು.

“ಯಾಕ ಅಣ್ಣಾ, ಯಾರರ ತೀರಿಕೊಂಡ್ರೇನು?”

“ಇಲ್ಲವ್ವ. ಕಡಿಮಿ ಮಾಡಾಕತ್ತೇನಿ,” ಎಂದ ಅಹ್ಮದಸಾಬ. ಅವಳು ರೇಟು ಕಡಿಮೆಯಾಯಿತೆಂದು ತಿಳಿದು ಇನ್ನೆರಡು ತಲೆದಿಂಬು ಕೇಳಿದಳು.

ಮೂರು ತಿಂಗಳು ಮುಗಿಯುವ ಹೊತ್ತಿಗೆ ಬೀರೇಶ ಎಲ್ಲರ ಎದುರಿಗೆ, “ನಮ್ಮ ಬ್ಯಾಚಿನಾಗ ಭಾಳ ಬದಲಾದವರು ಕಾಕಾ,” ಎಂದ. ಖರೆಯೂ ಆಗಿತ್ತು. ಟಿವಿಯಲ್ಲಿ ಈಗ ಕಾಣುತ್ತಿದ್ದವನು ಯಾವ ಊರಿನಲ್ಲಾದರೂ ಕಟ್ಟೆಯ ಮೇಲೆ ಕೂತಿರಬಹುದಾದ ಮನುಷ್ಯ. ಅಹ್ಮದಸಾಬನಿಗೆ ಮೊದಲ ಬಾರಿಗೆ, ಹುಡುಗ ಹೇಳಿದ್ದರಲ್ಲಿ ಹುರುಳಿದೆ ಅನ್ನಿಸಿತು. ಸಿನಿಮಾದವರು ಅವನ ವಿಡಿಯೊ ನೋಡಿ ಒಂದು ಪಾತ್ರ ಕೊಟ್ಟರು. ಕಾಣೆಯಾದ ತಮ್ಮನನ್ನು ಹುಡುಕುತ್ತ ನಾಯಕಿ ಚಹಾ ಅಂಗಡಿಗೆ ಬರುತ್ತಾಳೆ. ಅಲ್ಲಿ ಕಟ್ಟಿಗೆಯ ಉದ್ದ ಬಾಂಕಿನ ಮೇಲೆ ಕೂತ ಹಿರಿಯನೊಬ್ಬ ಚಹಾ ಕೆಳಗಿಟ್ಟು, “ಮುಂಜಾನೆನ ಹೋದನವ್ವ, ಬಾದಾಮಿ ಕಡೆ,” ಅನ್ನಬೇಕು. ಅಷ್ಟೇ. ರಂಜಾನಬಿ ಕೇಳಿದ್ದೂ ಅಷ್ಟೇ.

ಆ ಸಾಲನ್ನು ಅವನು ಊಟಕ್ಕೆ ಕೂತಾಗ ಹೇಳಿದ, ಗಾದಿಗೆ ಸೂಜಿಯಿಂದ ಟಾಕು ಹಾಕುವಾಗ ಹೇಳಿದ. ರಂಜಾನಬಿಗೂ ಬಾಯಿಪಾಠವಾಯಿತು. ಶೂಟಿಂಗಿನ ದಿನ ಅವನು ಹೊರಟಾಗ ಬಾಗಿಲಲ್ಲಿ ನಿಂತು, “ಮುಂಜಾನೆನ ಹೋದನವ್ವ,” ಎಂದು ಹಿಂದಿನಿಂದ ಕೂಗಿ ನಕ್ಕಳು.

ಶೂಟಿಂಗ್ ಬಾದಾಮಿ ಹತ್ತಿರದ ಚೊಳಚಗುಡ್ಡದಲ್ಲಿ. ಗುಡಿಯ ಹೊಂಡದ ಈಚೆ ಚಹಾ ಅಂಗಡಿಯೊಂದನ್ನು ಕಟ್ಟಿದ್ದರು. ನಿರ್ದೇಶಕ ಸೌಮ್ಯ ಸ್ವಭಾವದ ತರುಣ, ಬೆಂಗಳೂರಿನವನು. “ನಿಮ್ಮ ವಿಡಿಯೊ ನೋಡಿದೆ ಸರ್, ತುಂಬಾ ಸಹಜವಾಗಿದೆ. ಹಾಗೇ ಮಾಡಿ,” ಎಂದ. ಅಹ್ಮದಸಾಬ ಬಾಂಕಿನ ಮೇಲೆ ಕೂತ. ಎಡಗೈಯಲ್ಲಿ ಚಹಾ. ಕಣ್ಣು ನಾಯಕಿಯ ಕಡೆ. ಎಲ್ಲವೂ ಸರಿಯಾಗಿತ್ತು. ಆಗ ಒಬ್ಬ ಉದ್ದನೆಯ ಕೋಲು ತಂದು, ಅದರ ತುದಿಗೆ ಕಟ್ಟಿದ ಜೋಳದ ತೆನೆಯಂಥ ಮೈಕನ್ನು ಇವನ ತಲೆಯ ಮೇಲೆ ಚಾಚಿ ಹಿಡಿದ.

ನಾಟಕ ಆಡಿದವರಿಗೆ ಬೇರೆ ಹೇಳಬೇಕಿಲ್ಲ, ಆಡದವರಿಗೆ ಹೇಳಲೇಬೇಕು. ನಮ್ಮ ಕಡೆಯ ಹಳ್ಳಿ ನಾಟಕಗಳಲ್ಲಿ ಮೈಕು ಮೇಲಿನಿಂದ ಜೋತಾಡುತ್ತದೆ. ಪರದೆಯ ಮುಂದೆ ಮೂರು ಕಡೆ ವಾಯರು ಇಳಿಬಿಟ್ಟಿರುತ್ತಾರೆ. ರಾಜನಾಗಲಿ ಭಿಕ್ಷುಕನಾಗಲಿ, ಸಾಯುವವನಾಗಲಿ ಸಾಯಿಸುವವನಾಗಲಿ, ಆ ಮೈಕಿನ ಬುಡಕ್ಕೆ ಬಂದು ಗದ್ದ ಎತ್ತಿಯೇ ಮಾತು ಶುರುಮಾಡಬೇಕು. ಅಹ್ಮದಸಾಬನಿಗೆ ಮೊದಲು ಪಾತ್ರ ಕಲಿಸಿದ ಹಾರ್ಮೋನಿಯಮ್ಮಿನ ದುರಗಪ್ಪ ಮಾಸ್ತರ ಎರಡೇ ಪಾಠ ಹೇಳಿದ್ದ: “ಮೈಕ ಬಿಟ್ಟ ಮಾತಾಡಬ್ಯಾಡ. ಕುಂತ ಜನಕ್ಕ ಬೆನ್ನ ತೋರಸಬ್ಯಾಡ.” ತಾಲೀಮಿನಲ್ಲಿ ಮೈಕಿನ ಜಾಗದಲ್ಲಿ ಬದನೆಕಾಯಿ ಕಟ್ಟಿ, ಅದರ ಬುಡಕ್ಕೆ ನಿಲ್ಲಿಸಿ ರೂಢಿ ಮಾಡಿಸಿದ್ದ.

“ಆ್ಯಕ್ಷನ್” ಎಂದರು. ಅಹ್ಮದಸಾಬನ ಗದ್ದ ಮೇಲೆದ್ದಿತು. “ಮುಂಜಾನೆನ ಹೋದನವ್ವ!” ಎಂದು ಅವನು ಆಕಾಶಕ್ಕೆ ತಿಳಿಸಿದ.

“ಕಟ್. ಸರ್, ಮೇಲೆ ನೋಡಬೇಡಿ. ಅವರ ಕಡೆ ನೋಡಿ.”

ಎರಡನೆಯ ಸಲ ಕಣ್ಣನ್ನು ನಾಯಕಿಯ ಮೇಲೆ ನೆಟ್ಟ, ಗದ್ದ ಎದ್ದಿತು. ಮೂರನೆಯ ಸಲ ಗದ್ದವನ್ನು ಎದೆಗೊತ್ತಿಕೊಂಡ, ಕಣ್ಣೆರಡೂ ಮೇಲೆ ಹೋದವು. ನಾಲ್ಕನೆಯ ಸಲ ಗದ್ದ, ಕಣ್ಣು ಎರಡನ್ನೂ ಬಿಗಿ ಹಿಡಿಯುವುದರಲ್ಲಿ ಮಾತೇ ಮರೆತ. ಮೂರು ತಿಂಗಳು ಬೆವರು ಸುರಿಸಿ ಹುಬ್ಬನ್ನು ಪಳಗಿಸಿದ್ದ, ಕೈ ಪಳಗಿಸಿದ್ದ, ಗಂಟಲು ಪಳಗಿಸಿದ್ದ. ಈ ಗದ್ದವೊಂದು ಯಾರ ಮಾತೂ ಕೇಳಲೊಲ್ಲದು! ತನ್ನ ಗದ್ದಕ್ಕೆ ತಾನೇ ಒಂದು ಬಾರಿಸಬೇಕು ಅನ್ನಿಸಿತು ಅವನಿಗೆ. ಐದನೆಯ ಸಲ ಕೋಲು ಹಿಡಿದವನು ಮೈಕನ್ನು ತುಸು ದೂರ ಸರಿಸಿದ, ಕಣ್ಣಿಗೆ ಬೀಳದಿರಲಿ ಎಂದು. ಅಹ್ಮದಸಾಬ ಚಹಾ ಕೆಳಗಿಟ್ಟು, ಬಾಂಕಿನಿಂದ ಎದ್ದು, ನಾಲ್ಕು ಹೆಜ್ಜೆ ನಡೆದು ಮೈಕಿನ ಬುಡಕ್ಕೆ ಹೋಗಿ ನಿಂತ.

ಎಲ್ಲರೂ ನಕ್ಕರು. ನಾಯಕಿ ಸೆರಗು ಬಾಯಿಗೆ ಹಿಡಿದಳು.

“ಪರವಾಗಿಲ್ಲ ಸರ್, ಬಿಸಿಲು ಇಳೀತಿದೆ,” ಎಂದ ನಿರ್ದೇಶಕ, ಒಂದಿಷ್ಟೂ ಸಿಟ್ಟಿಲ್ಲದೆ. ಬೈದಿದ್ದರೆ ಅಹ್ಮದಸಾಬ ಸಹಿಸಿಕೊಳ್ಳುತ್ತಿದ್ದ. “ನೀವು ಅದೇ ಬೆಂಚಿನ ಮೇಲೆ ಕೂತಿರಿ, ಅಂಗಡಿ ಕಡೆ ತಿರುಗಿ. ಡೈಲಾಗ್ ಬೇರೆಯವರ ಹತ್ರ ಹೇಳಿಸ್ತೀವಿ.”

ಬೇರೆಯವನೆಂದರೆ ಲಕ್ಷ್ಮಣ, ಊಟದ ಡಬ್ಬಿಗಳನ್ನು ಹೊತ್ತು ತಂದ ಟೆಂಪೊದ ಡ್ರೈವರ್. ಜನ್ಮದಲ್ಲಿ ಬಣ್ಣ ಹಚ್ಚಿದವನಲ್ಲ. ಬಾಯಲ್ಲಿದ್ದ ಎಲೆ ಉಗುಳಿ ಬಂದು, “ಮುಂಜಾನೆನ ಹೋದನವ್ವ, ಬಾದಾಮಿ ಕಡೆ,” ಎಂದು ದಾರಿ ಕೇಳಿದವರಿಗೆ ಹೇಳುವ ಹಾಗೆ ಹೇಳಿ ಟೆಂಪೊಗೆ ವಾಪಸ್ ಹೋದ. ಒಂದೇ ಸಲಕ್ಕೆ ಓಕೆ. ಅಷ್ಟು ಹೊತ್ತೂ ಅಹ್ಮದಸಾಬ ಕ್ಯಾಮೆರಾಕ್ಕೆ ಬೆನ್ನು ಹಾಕಿ ಕೂತಿದ್ದ. ದುರಗಪ್ಪ ಮಾಸ್ತರನ ಮೊದಲ ಪಾಠ ಪಾಲಿಸಿ ಮಾತು ಕಳೆದುಕೊಂಡಿದ್ದ, ಈಗ ಎರಡನೆಯ ಪಾಠವೂ ಮಣ್ಣುಪಾಲಾಗಿತ್ತು.

ಸಂಜೆ ಬಸ್ಸಿಗೆ ಕಾಯುತ್ತ ಬೀರೇಶನಿಗೆ ಫೋನು ಮಾಡಿದ. ದನಿ ಗೌಡನದೇ ಆಗಿತ್ತು, ಕಡಿಮೆ ಮಾಡುವ ಮಾತೇ ಇರಲಿಲ್ಲ.

“ಮೂರ ತಿಂಗಳ ಕಲಿಸಿದ್ರಿ. ತಲಿ ಮ್ಯಾಲ ಮೈಕ ಹಿಡೀತಾರ ಅಂತ ಒಂದ ಮಾತ ಹೇಳಾಕ ಏನ ಧಾಡಿ ಆಗಿತ್ತು?”

ಬೀರೇಶ ಅಂದ: “ಮೈಕ ಕಂಡ್ರ ನಿಮ್ಮ ಗದ್ದ ಏಳತೈತಿ ಅಂತ ನನಗ ಹ್ಯಾಂಗ ಗೊತ್ತಾಗಬೇಕ ಕಾಕಾ? ನೀವರ ಹೇಳಬೇಕಿತ್ತಲ್ಲ.”

ತನಗೇ ಗೊತ್ತಿಲ್ಲದ್ದನ್ನು ಹೇಳುವುದು ಹೇಗೆ? ಅಹ್ಮದಸಾಬ ಫೋನು ಕಟ್ ಮಾಡಿದ. ಅಮೀನಗಡದಲ್ಲಿ ಇಳಿದು ಮನೆಗೆ ಕರದಂಟು ಒಯ್ಯಬೇಕೆಂದುಕೊಂಡಿದ್ದವನು, ಅಲ್ಲಿ ಬಸ್ ನಿಂತಾಗ ಕಿಟಕಿಯ ಕಡೆ ತಿರುಗಲೂ ಇಲ್ಲ. ಮನೆಯಲ್ಲಿ ಕೇಳಿದರೆ, “ಆತು,” ಎಂದಷ್ಟೇ ಹೇಳಿ ಮಲಗಿದ.

ಆ ‘ಆತು’ ಏಳು ತಿಂಗಳು ಅವನ ಗಂಟಲಲ್ಲಿ ಮುಳ್ಳಾಗಿ ಕೂತಿತು. ಸಿನಿಮಾ ಎಲ್ಲಾದರೂ ಅರ್ಧಕ್ಕೆ ನಿಂತುಹೋಗಲಿ ಎಂದು ಐದು ಹೊತ್ತಿನ ನಮಾಜಿನಲ್ಲೂ ಬೇಡಿದ. ನಿಲ್ಲಲಿಲ್ಲ. ಒಂದು ಭಾನುವಾರ ಮಧ್ಯಾಹ್ನ ಆಫ್ರೀನ ಅದನ್ನು ಮನೆಯ ಟಿವಿಗೇ ತಂದು ಹಾಕಿದಳು. ರಂಜಾನಬಿ ಪದ್ಮವ್ವನನ್ನೂ ಕರೆದು ಪಕ್ಕದಲ್ಲಿ ಕೂರಿಸಿಕೊಂಡಳು. ಈಗಲಾದರೂ ಹೇಳಿಬಿಡಬೇಕೆಂದು ಅಹ್ಮದಸಾಬ ಎರಡು ಸಲ ಬಾಯಿ ತೆರೆದ. ಎರಡು ಸಲವೂ ಅವಳು, “ಸುಮ್ಮಕ ಕುಂದರ್ರಿ, ಬರೂ ಹೊತ್ತಾತು,” ಎಂದಳು.

ಚಹಾ ಅಂಗಡಿ ಬಂತು. ನಾಯಕಿ ಬಂದಳು. ಲಕ್ಷ್ಮಣ ತನ್ನ ಮಾತು ಹೇಳಿದ. ಅವನ ಪಕ್ಕದ ಬಾಂಕಿನ ಮೇಲೆ ಬಿಳಿ ಅಂಗಿಯ ಒಂದು ಬೆನ್ನು ಕಾಣಿಸಿತು, ಚಹಾ ಗುಟುಕರಿಸುತ್ತಿತ್ತು. ನಾಯಕಿ ಹೊರಟುಹೋದಳು.

“ಅಣ್ಣಾ ಎಲ್ಲಿ?” ಎಂದಳು ಪದ್ಮವ್ವ.

ಅಹ್ಮದಸಾಬ ಎದ್ದು ಚಪ್ಪಲಿ ಹುಡುಕತೊಡಗಿದ. ಇನ್ನು ಆಯುಷ್ಯವಿರುವ ತನಕ ಹಂಗಿಸಲು ಇವಳಿಗೆ ಇಷ್ಟು ಸಾಕು ಅಂದುಕೊಂಡ.

“ಅಲ್ಲಿ, ಬಾಂಕಿನ ಮ್ಯಾಲ. ಅವರ,” ಎಂದಳು ರಂಜಾನಬಿ. ಅವಳ ದನಿಯಲ್ಲಿ ಕುಚೋದ್ಯವಿರಲಿಲ್ಲ. “ಆಫ್ರೀನ, ಇನ್ನೊಮ್ಮಿ ಹಾಕು.”

“ಬೆನ್ನ ಅಷ್ಟ ಕಾಣತೈತಲ್ಲ, ನಿನಗ ಹ್ಯಾಂಗ ಗೊತ್ತಾತು?” ಎಂದಳು ಪದ್ಮವ್ವ.

“ಗೊತ್ತಾಗದ ಏನು? ಇಪ್ಪತ್ತೆಂಟ ವರ್ಷ ಇವರ ನಾಟಕ ಅಂತ ನಾ ನೋಡಿದ್ದು ಈ ಬೆನ್ನೊಂದನ. ಬ್ಯಾಗ ಹಿಡಕೊಂಡು ಬಾಗಲಾ ದಾಟಿ ಹೋಗತಿದ್ರು. ಓಣಿ ಹೊರಳೂತನಕ ನೋಡತಿದ್ದೆ. ಒಮ್ಮೆರ ತಿರುಗಿ, ನೀನೂ ಬಾ ಅಂದಾರೇನು ಕೇಳ ಇವರನ್ನ.”

ಅಹ್ಮದಸಾಬ ಒಂದು ಕಾಲಿಗೆ ಚಪ್ಪಲಿ ಮೆಟ್ಟಿ ಹಾಗೇ ನಿಂತ. ಏಳು ತಿಂಗಳಿಂದ ಅವನು ಬೀರೇಶನ ಮೇಲೆ, ಲಕ್ಷ್ಮಣನ ಮೇಲೆ, ಆ ಕೋಲು ಮೈಕಿನ ಮೇಲೆ ಹಲ್ಲು ಕಡಿದಿದ್ದ. ಈಗ ಬಂದ ಸಿಟ್ಟು ಅವರಲ್ಲಿ ಯಾರ ಮೇಲೂ ಅಲ್ಲ. ಅವಳು ಬರಲು ಒಲ್ಲೆ ಅಂದಿರಲೇ ಇಲ್ಲ. ಅವನು ಕೇಳಿರಲಿಲ್ಲ, ಅಷ್ಟೇ.

ಟಿವಿಯಲ್ಲಿ ಬೆನ್ನು ಮತ್ತೊಮ್ಮೆ ಚಹಾ ಕುಡಿಯಿತು. ಅವನು ಚಪ್ಪಲಿ ಕಳಚಿ ಬಂದು ಅವಳ ಪಕ್ಕದಲ್ಲಿ ಕೂತ.